ಅಟ್ಟಕ್ಕೆ ಹಾಕಿದ ಹಾಡು

ಹೋದ ವರ್ಷ, ಅಂದರೆ 2025ರ ಮೇ ತಿಂಗಳು. ತಿಪಟೂರಿನ ಮಂಡಿಯೊಂದರಲ್ಲಿ ಕೊಬ್ಬರಿ ಚೀಲ ತೂಕಕ್ಕೆ ಬಿಟ್ಟು ಕೂತಿದ್ದೆ. ಜೇಬಿನಲ್ಲಿದ್ದ ಫೋನು ಹಾಡೋಕೆ ಶುರು ಮಾಡ್ತು. 'ಮುಂಗಾರು ಮಳೆ'ಯ 'ಅನಿಸುತಿದೆ ಯಾಕೋ ಇಂದು'. ಹದಿನೆಂಟು ವರ್ಷದಲ್ಲಿ ನನ್ನ ಫೋನು ಬದಲಾಗಿದೆ, ಸಿಮ್ಮು ಬದಲಾಗಿದೆ, ಕನ್ನಡಕದ ನಂಬರು ಮೂರು ಸಲ ಬದಲಾಗಿದೆ. ರಿಂಗ್‌ಟೋನ್ ಮಾತ್ರ ಅದೇ. ಪಕ್ಕದಲ್ಲಿ ಕೂತಿದ್ದ ನಮ್ಮ ಹೊನ್ನವಳ್ಳಿ ಹೋಬಳಿಯವರೇ ಒಬ್ಬರು, "ಏನ್ ಮೇಷ್ಟ್ರೇ, ಇನ್ನೂ ಅವನ್ನೇ ಇಟ್ಕಂಡಿದೀರಾ? ಅದೂ ಕನ್ನಡ ಮೇಷ್ಟ್ರಾಗಿ!" ಅಂದರು. ತಮಾಷೆಗೇ ಅಂದಿದ್ದು. ಸುತ್ತ ಇದ್ದ ನಾಲ್ಕು ಜನ ನಕ್ಕರು, ನಾನೂ ನಕ್ಕೆ. ಆದರೆ ನಗೋದಕ್ಕೆ ಮುಂಚೆಯೇ ನನ್ನ ಕೈ ಫೋನಿನ ಬಾಯಿ ಮುಚ್ಚಿಬಿಟ್ಟಿತ್ತು.

ಫೋನ್ ಮಾಡಿದ್ದವಳು ಹೆಂಡತಿ. ಹೊರಗೆ ಬಂದು ವಾಪಸ್ ಮಾಡಿದರೆ, "ಯಾಕ್ರೀ ಕಟ್ ಮಾಡಿದ್ರಿ?" ಅಂದಳು. "ತೂಕ ನಡೀತಿತ್ತು ಕಣೇ" ಅಂದೆ.

ತೂಕ ಇನ್ನೂ ಶುರುವಾಗಿರಲಿಲ್ಲ. ಸಣ್ಣ ಸುಳ್ಳು. ಆದರೆ ಬಸ್ಸಿನಲ್ಲಿ ಊರಿಗೆ ವಾಪಸ್ ಬರುವಾಗ ಅದು ಚಪ್ಪಲಿಯೊಳಗೆ ಸಿಕ್ಕಿಕೊಂಡ ಕಲ್ಲಿನ ಹಾಗೆ ಒತ್ತುತ್ತಲೇ ಇತ್ತು. ನಾನು ನಾಚಿಕೆಪಟ್ಟಿದ್ದು ಯಾವುದಕ್ಕೆ? ಹಾಡಿಗೋ, ಹಾಡಿದವನಿಗೋ, ಇಲ್ಲಾ ಆ ನಾಲ್ಕು ಜನ ನಕ್ಕಿದ್ದಕ್ಕೋ?

ಆ ಹಾಡು ನನಗೆ ಬರೀ ಹಾಡಲ್ಲ ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ. 'ಮುಂಗಾರು ಮಳೆ' ಬಿಡುಗಡೆಯಾಗಿದ್ದು 2006ರ ಡಿಸೆಂಬರ್ 29ಕ್ಕೆ. ಮುಂದಿನ ವರ್ಷವೆಲ್ಲಾ ಹೊನ್ನವಳ್ಳಿಯಿಂದ ತಿಪಟೂರಿಗೆ ಹೋಗುವ ಬಸ್ಸಿನಲ್ಲಿ ಡ್ರೈವರ್ ಬೇರೆ ಏನನ್ನೂ ಹಾಕಲೇ ಇಲ್ಲ. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಅಲೀತಿದ್ದೆ. ಅವಳು ಕಾಲೇಜಿಗೆ ಹೋಗ್ತಿದ್ದಳು, ನಡುವೆ ಒಂದು ಸ್ಟಾಪಿನಲ್ಲಿ ಹತ್ತೋಳು. ಎರಡೂ ಕಡೆ ತೆಂಗಿನ ತೋಟ, ನಡುವೆ ಆ ಹಾಡು. ಜಯಂತ ಕಾಯ್ಕಿಣಿ ಬರೆದಿದ್ದು, ಮನೋಮೂರ್ತಿ ರಾಗ ಹಾಕಿದ್ದು, ಸೋನು ನಿಗಮ್ ಹಾಡಿದ್ದು ಅನ್ನೋದೆಲ್ಲಾ ಆಮೇಲೆ ಗೊತ್ತಾಯ್ತು. ಆಗ ಗೊತ್ತಿದ್ದದ್ದು ಒಂದೇ: ನನಗೆ ಹೇಳೋಕೆ ಬಾರದ್ದನ್ನ ಯಾರೋ ಪುಣ್ಯಾತ್ಮ ನನ್ನ ಪರವಾಗಿ ಹೇಳ್ತಾ ಇದಾನೆ.

ಆಮೇಲೆ 'ಮಿಲನ' ಬಂತು, 'ಗಾಳಿಪಟ' ಬಂತು, ಅದೇ ದನಿ. 2009ರಲ್ಲಿ ಅವರದ್ದೇ ಕನ್ನಡ ಆಲ್ಬಂ 'ನೀನೇ ಬರಿ ನೀನೇ' ಬಂತು, ಅದೂ ಕಾಯ್ಕಿಣಿ-ಮನೋಮೂರ್ತಿ ಜೋಡಿಯದೇ. ಅದೇ ವರ್ಷ ನಮ್ಮ ನಿಶ್ಚಿತಾರ್ಥ. ಸೀರೆ ಜೊತೆ ಆ ಸಿ.ಡಿ.ಯನ್ನೂ ಕೊಟ್ಟೆ. ಅವರ ಮನೆಯಲ್ಲಿ ಸಿ.ಡಿ. ಪ್ಲೇಯರೇ ಇರಲಿಲ್ಲ. ಅದು ಇವತ್ತಿಗೂ ಬೀರುವಿನಲ್ಲಿ ಸೀರೆಗಳ ಮಧ್ಯೆ ಹೊಚ್ಚ ಹೊಸದಾಗಿಯೇ ಇದೆ.

ಹೋದ ವರ್ಷದ ಬೇಸಿಗೆಯಲ್ಲಿ ಹೊಸದೊಂದು ಪ್ರೇಮಗೀತೆ ಬಂತು. 'ಕುಲದಲ್ಲಿ ಕೀಳ್ಯಾವುದೋ' ಚಿತ್ರದ್ದು, 'ಮನಸು ಹಾಡ್ತದೆ' ಅಂತ. ಮತ್ತೆ ಮನೋಮೂರ್ತಿ, ಮತ್ತೆ ಸೋನು ನಿಗಮ್. 'ಹಾಡುತಿದೆ' ಅಂತ ಬರೆಯದೆ ಬಾಯಿಮಾತಿನಲ್ಲೇ 'ಹಾಡ್ತದೆ' ಅಂತ ಹೆಸರಿಟ್ಟಿದ್ದು ಮೇಷ್ಟ್ರಾದ ನನಗೆ ಇನ್ನೂ ಖುಷಿಯಾಯ್ತು. ನಮ್ಮ ಕಡೆ 'ಹಾಡುತ್ತೆ' ಅಂತೀವಿ, ಪರವಾಗಿಲ್ಲ. ಕೇಳಿದವನೇ ಹೆಂಡತಿಗೆ ಕಳಿಸಿದೆ. ಅವಳು ಒಂದು ನಗುವಿನ ಚಿತ್ರ ವಾಪಸ್ ಕಳಿಸಿದಳು. ನಲವತ್ತು ದಾಟಿದ ಗಂಡ ಹೆಂಡತಿಗೆ ಹಾಡು ಕಳಿಸೋದರಲ್ಲಿ ಏನೋ ಒಂದು ಸಂಕೋಚದ ಸುಖ ಇದೆ, ಅನುಭವಿಸಿದವರಿಗೆ ಗೊತ್ತು.

ಆಮೇಲೆ ಆಗಿದ್ದು ನಿಮಗೆಲ್ಲಾ ಗೊತ್ತೇ ಇದೆ. ಆದರೂ ಕ್ರಮವಾಗಿ ಬರೀತೀನಿ, ಯಾಕೆಂದರೆ ಇಂಥ ವಿಷಯದಲ್ಲಿ ನಾವು ಸಿಟ್ಟನ್ನ ನೆನಪಿಟ್ಟುಕೊಂಡು ನಡೆದದ್ದನ್ನ ಮರೀತೀವಿ. ಏಪ್ರಿಲ್ 22ಕ್ಕೆ ಪಹಲ್ಗಾಮಿನಲ್ಲಿ ಉಗ್ರರು 26 ಜನರನ್ನು ಕೊಂದರು. ಸತ್ತವರಲ್ಲಿ ಶಿವಮೊಗ್ಗದವರಿದ್ದರು, ಬೆಂಗಳೂರಿನವರಿದ್ದರು. ಅದಾದ ಮೂರನೇ ದಿನ, 25ಕ್ಕೆ, ಬೆಂಗಳೂರಿನ ವಿರ್ಗೋನಗರದ ಕಾಲೇಜೊಂದರಲ್ಲಿ ಸೋನು ನಿಗಮ್ ಕಾರ್ಯಕ್ರಮ. ಗುಂಪಿನಲ್ಲಿದ್ದ ಹುಡುಗನೊಬ್ಬ "ಕನ್ನಡ, ಕನ್ನಡ" ಅಂತ ಕೂಗಿದ. ಸೋನು ನಿಲ್ಲಿಸಿದರು. ತಾನು ಹಾಡಿದ ಅತಿ ಒಳ್ಳೆಯ ಹಾಡುಗಳು ಕನ್ನಡದವೇ, ಇಲ್ಲಿಯವರು ತನಗೆ ಮನೆಯವರಿದ್ದ ಹಾಗೆ ಅಂದರು. ಅದರ ಜೊತೆಗೇ, ಆ ಹುಡುಗ ಹುಟ್ಟೋದಕ್ಕೆ ಮುಂಚಿನಿಂದ ತಾನು ಕನ್ನಡದಲ್ಲಿ ಹಾಡ್ತಿದೀನಿ ಅಂತ ಗದರಿ, ಪಹಲ್ಗಾಮಿನಲ್ಲಿ ಆಗಿದ್ದಕ್ಕೆ ಇಂಥದ್ದೇ ಕಾರಣ ಅನ್ನೋ ಅರ್ಥದ ಮಾತು ಸೇರಿಸಿದರು.

ಆ ತುಣುಕು ಊರೂರಿಗೆ ಹರಡ್ತು. ಕನ್ನಡ ಸಂಘಟನೆಯವರು ದೂರು ಕೊಟ್ಟರು, ಆವಲಹಳ್ಳಿ ಠಾಣೆಯಲ್ಲಿ ಎಫ್‌ಐಆರ್ ಆಯ್ತು. ತಾನು ಅಂದಿದ್ದು ಬೆದರಿಸುವ ಹಾಗೆ ಕೂಗಿದ ಕೆಲವರಿಗೆ ಮಾತ್ರ, ಎಲ್ಲಾ ಕನ್ನಡಿಗರಿಗಲ್ಲ ಅಂತ ಅವರು ವಿವರಣೆ ಕೊಟ್ಟರು. ಮೇ 5ಕ್ಕೆ ಚಲನಚಿತ್ರ ವಾಣಿಜ್ಯ ಮಂಡಳಿ ಅವರಿಗೆ ಅಸಹಕಾರ ಅಂತ ತೀರ್ಮಾನ ಮಾಡಿತು. ಅವತ್ತೇ ಅವರು ಕರ್ನಾಟಕದ ಕ್ಷಮೆ ಕೇಳಿದರು. ಚಿತ್ರತಂಡ 'ಮನಸು ಹಾಡ್ತದೆ'ಯಿಂದ ಅವರ ದನಿ ತೆಗೆದು, ಚೇತನ್ ಸೋಸ್ಕ ಅವರಿಂದ ಹಾಡಿಸಿತು. ಮೇ 15ಕ್ಕೆ ಹೈಕೋರ್ಟು ಬಲವಂತದ ಕ್ರಮ ಬೇಡ ಅಂತ ಪೊಲೀಸರಿಗೆ ಹೇಳಿತು. ಒಂದು ಬೆಳೆಯ ಕಳೆ ಕೀಳುವಷ್ಟು ಹೊತ್ತಿನಲ್ಲಿ ಎಲ್ಲಾ ಮುಗಿದುಹೋಯ್ತು. ನಾನು ಹೆಂಡತಿಗೆ ಕಳಿಸಿದ್ದ ಹಾಡನ್ನ ಒತ್ತಿದರೆ ಏನೂ ಬರ್ತಿರಲಿಲ್ಲ.

ನನ್ನ ಕಷ್ಟ ಶುರುವಾಗಿದ್ದು ಅಲ್ಲಿಂದ. ಆ ಮಾತು ಕೇಳಿ ನನಗೂ ಉರೀತು. ಊಟಕ್ಕೆ ಕೂತವನು ಉಪ್ಪು ಕೇಳಿದರೆ ಕೊಡಬಹುದು, ಇಲ್ಲ ಅನ್ನಬಹುದು, ಕೇಳುವ ರೀತಿ ಸರಿಯಿಲ್ಲ ಅಂತ ಬೈಯಲೂಬಹುದು. ಊರಿಗೆ ಬೆಂಕಿ ಬಿದ್ದಿದ್ದು ನಿನ್ನಂಥವರಿಂದಲೇ ಅನ್ನಬಾರದು. ಹೆಣ ಇಳಿಸಿ ಮೂರು ದಿನ ಆಗಿರಲಿಲ್ಲ. ಆ ಮಾತಿನಲ್ಲಿ ಎರಡು ನೋವಿತ್ತು. ಒಂದು ನಮ್ಮ ಭಾಷೆಯದು, ಇನ್ನೊಂದು ಆ ಸತ್ತವರ ಮನೆಯದು. ನಾವು ಮೊದಲನೆಯದನ್ನೇ ಜೋರಾಗಿ ಆಡಿದೆವು, ಎರಡನೆಯದನ್ನ ಅಷ್ಟಾಗಿ ಆಡಲಿಲ್ಲ. ಸಿಟ್ಟು ಇಷ್ಟು ನಿಜ. ಆದರೆ ಆ ರಾತ್ರಿ ಹಾಸಿಗೆ ಮೇಲೆ ಬಿದ್ದುಕೊಂಡಾಗ ತಲೆಯೊಳಗೆ ಓಡ್ತಿದ್ದದ್ದು ಅದೇ ದನಿ, ಅದೇ ಹೊಸ ಹಾಡು. ಅದೂ ಅಷ್ಟೇ ನಿಜ.

ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಇದನ್ನ ಸುಲಭ ಮಾಡಿಬಿಟ್ಟರು. "ಕಲೆ ಬೇರೆ, ಕಲಾವಿದ ಬೇರೆ ಸಾರ್. ಹಾಡು ಚೆನ್ನಾಗಿದ್ಯಾ, ಕೇಳಿ. ಮನುಷ್ಯ ಸರಿಯಿಲ್ವಾ, ಬಿಡಿ" ಅಂದರು. ಅವರ ಮಾತು ಕೊಬ್ಬರಿ ವ್ಯಾಪಾರಕ್ಕೆ ಸರಿಹೋಗುತ್ತೆ. ತಿಪಟೂರಿನ ಉಂಡೆ ಕೊಬ್ಬರಿಯ ದೊಡ್ಡ ಪಾಲು ಹೋಗೋದು ಉತ್ತರಕ್ಕೇ. ದಿಲ್ಲಿ, ಉತ್ತರ ಪ್ರದೇಶ, ರಾಜಸ್ಥಾನದ ಕಡೆ ಹಬ್ಬಕ್ಕೆ, ಪೂಜೆಗೆ, ಮದುವೆಗೆ ನಮ್ಮ ಕೊಬ್ಬರಿ ಬೇಕು. ಅಲ್ಲಿ ಅದನ್ನ ಕೊಳ್ಳೋನಿಗೆ ಹೊನ್ನವಳ್ಳಿ ಎಲ್ಲಿದೆ ಗೊತ್ತಿಲ್ಲ, ಗೊತ್ತಿರಬೇಕು ಅಂತ ನಾವೂ ಕೇಳಲ್ಲ. ಅವನು ಕನ್ನಡದ ಬಗ್ಗೆ ಏನಂದ ಅಂತ ವಿಚಾರಿಸಿ ನಾವು ಚೀಲ ಕಟ್ಟಲ್ಲ. ತೂಕ ಸರಿ ಇದ್ದು ದುಡ್ಡು ಕೈಗೆ ಬಂದರೆ ಆಯ್ತು.

ನಮ್ಮ ಕೊಬ್ಬರಿ ಆ ಕಡೆಗೆ ಹೋಗುತ್ತೆ, ಆ ಕಡೆಯ ಫರೀದಾಬಾದಿನಲ್ಲಿ ಹುಟ್ಟಿದ ಒಂದು ದನಿ ಈ ಕಡೆಗೆ ಬರುತ್ತೆ. ಲೆಕ್ಕಕ್ಕೆ ಎರಡೂ ವ್ಯಾಪಾರವೇ. ಆದರೆ ಪ್ರೇಮಗೀತೆಯಲ್ಲಿ ನಾವು ಕೊಳ್ಳೋದು ಏನನ್ನ? ಶ್ರುತಿಯನ್ನಲ್ಲ, ತಾಳವನ್ನಲ್ಲ. 'ನೀನು' ಅಂತ ಹಾಡಿದಾಗ ಆ 'ನೀನು' ನಾನೇ ಅನ್ನೋ ನಂಬಿಕೆಯನ್ನ ಕೊಳ್ತೀವಿ. ಅದು ನಟನೆ ಅಂತ ಗೊತ್ತಿದ್ದೂ ನಂಬ್ತೀವಿ. ಹಾಗಾಗಿ ಆ ದನಿಯೇ ಒಂದು ದಿನ ನಮ್ಮ ಕಡೆ ತಿರುಗಿ ಒರಟಾದಾಗ ಪೆಟ್ಟು ಬೀಳೋದು ಆ ನಂಬಿಕೆಗೇ. ಭಜನೆಯೋ ಹಾಸ್ಯದ ಹಾಡೋ ಆಗಿದ್ದರೆ ಇಷ್ಟು ನೋವಾಗ್ತಿರಲಿಲ್ಲ. ಅದಕ್ಕೇ ವಿಜ್ಞಾನದ ಮೇಷ್ಟ್ರ ಮಾತು ನನಗೆ ಪೂರ್ತಿ ದಕ್ಕಲಿಲ್ಲ.

ಹಾಗಾದರೆ ಇನ್ನೊಂದು ತುದಿಗೆ ಹೋಗೋಣ. ನಮ್ಮನ್ನ ನಿಜವಾಗಿ ಪ್ರೀತಿಸೋರೇ ನಮಗೆ ಪ್ರೇಮಗೀತೆ ಹಾಡಬೇಕು, ಹೊರಗಿನವರ ಸಹವಾಸ ಬೇಡ ಅನ್ನೋ ವಾದ. ಮಂಡಿಯಲ್ಲಿ ಅವತ್ತು ಈ ಮಾತೂ ಬಂತು. ಇದನ್ನ ಒಪ್ಪೋಕೆ ನಮ್ಮ ಕಿವಿಯೇ ಬಿಡಲ್ಲ. ಈ ಚಿತ್ರದ ಹೆಸರನ್ನೇ ನೋಡಿ. ಅದು 1965ರ 'ಸತ್ಯ ಹರಿಶ್ಚಂದ್ರ'ದ ಹಾಡಿನಿಂದ ಬಂದದ್ದು. ಹುಣಸೂರು ಕೃಷ್ಣಮೂರ್ತಿ ಬರೆದ ಆ ಹಾಡನ್ನ ರಾಜಕುಮಾರ್‌ಗೆ ದನಿಯಾಗಿ ಹಾಡಿದವರು ತೆಲುಗಿನ ಘಂಟಸಾಲ. ಅಣ್ಣಾವ್ರು ತಾವೇ ಹಾಡೋಕೆ ಶುರು ಮಾಡೋದಕ್ಕೆ ಮುಂಚೆ ವರ್ಷಗಟ್ಟಲೆ ಅವರ ದನಿ ಅಂದರೆ ಪಿ.ಬಿ. ಶ್ರೀನಿವಾಸ್, ಕಾಕಿನಾಡದಲ್ಲಿ ಹುಟ್ಟಿದವರು. ಎಸ್.ಪಿ.ಬಿ. ನೆಲ್ಲೂರು ಕಡೆಯವರು. 2020ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡ ಸುದ್ದಿ ಟಿ.ವಿ.ಯಲ್ಲಿ ಬಂದಾಗ ನಮ್ಮಜ್ಜಿ, "ಎದೆ ತುಂಬಿ ಹಾಡ್ತಿದ್ನಲ್ಲಾ, ಆ ದಪ್ಪನೆ ಹುಡುಗ ಹೋಗ್ಬುಟ್ನಾ" ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವರಿಗೆ ಆಗ ಎಪ್ಪತ್ತು ದಾಟಿತ್ತು, ಅಜ್ಜಿಗೆ ಅವರು ಹುಡುಗನೇ. ಅವರ ಊರು ಯಾವುದು ಅಂತ ಅಜ್ಜಿ ಒಂದು ದಿನವೂ ಕೇಳಿದವಳಲ್ಲ.

'ಅನಿಸುತಿದೆ'ಯನ್ನೇ ತಗೊಳ್ಳಿ. ಬರೆದವರು ಗೋಕರ್ಣದಲ್ಲಿ ಹುಟ್ಟಿ ಮುಂಬಯಿಯಲ್ಲಿ ವರ್ಷಗಟ್ಟಲೆ ಬದುಕಿದವರು. ರಾಗ ಹಾಕಿದವರು ಅಮೆರಿಕದಲ್ಲಿ ನೆಲೆಸಿದವರು. ಹಾಡಿದವರು ಹಿಂದಿಯವರು. ತುಟಿ ಆಡಿಸಿದವರು ಗಣೇಶ್. ಇಷ್ಟು ಜನರ ಕೈ ದಾಟಿ ಅದು ನಮ್ಮ ಬಸ್ಸು ಹತ್ತಿತು. ಇದರಲ್ಲಿ ಪ್ರೀತಿ ಯಾರದು ಅಂತ ಹುಡುಕಿದರೆ ಒಬ್ಬೊಬ್ಬರ ಮನೆ ಬಾಗಿಲಲ್ಲೂ 'ನಮ್ಮದಲ್ಲ, ಮುಂದಿನ ಮನೆ ನೋಡಿ' ಅನ್ನೋ ಉತ್ತರವೇ ಸಿಗುತ್ತೆ. ಹುಡುಕುತ್ತಾ ಹೋದರೆ ಕೊನೆಗೆ ಸಿಗೋದು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದ ನಾನು.

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ವಿರ್ಗೋನಗರದ ಆ ತುಣುಕನ್ನ ಎರಡನೇ ಸಲ, ಮೂರನೇ ಸಲ ನೋಡಿದಾಗ ನನಗೆ ಹಳೆಯದೊಂದು ನೆನಪಾಯ್ತು. 2007ರಲ್ಲೇ ಇರಬೇಕು, ನಮ್ಮ ಕಡೆಯ ಒಂದು ಜಾತ್ರೆ. ರಾತ್ರಿ ಆರ್ಕೆಸ್ಟ್ರಾ. ಸಣಕಲ ಹುಡುಗನೊಬ್ಬ ಹಾಡ್ತಿದ್ದ. ನಾವು ಹತ್ತು ಹದಿನೈದು ಜನ ಮುಂದೆ ನಿಂತು 'ಅನಿಸುತಿದೆ' ಬೇಕು ಅಂತ ಕೂಗಿದೆವು. ಹಾಡಿದ. "ಒನ್ಸ್ ಮೋರ್" ಅಂದೆವು. ಮತ್ತೆ ಹಾಡಿದ. ಮೂರನೇ ಸಲ ಕೇಳಿದಾಗ ಮೈಕಿನಲ್ಲಿ ಕೈ ಮುಗಿದು, "ಅಣ್ಣಾ, ಗಂಟಲು ಕಟ್ಟೈತೆ, ಬೇರೆ ಹಾಡ್ತೀನಿ" ಅಂದ. ನಾವು ಬಿಡಲಿಲ್ಲ. ಯಾರೋ ಚಪ್ಪಲಿ ತೋರಿಸಿದ. ನಾನಲ್ಲ, ಆದರೆ ತೋರಿಸಿದವನ ಪಕ್ಕದಲ್ಲೇ ನಿಂತು ಶಿಳ್ಳೆ ಹೊಡೀತಿದ್ದವನು ನಾನೇ. ಅವನು ಮೂರನೇ ಸಲವೂ ಹಾಡಿದ. ಮೇಲಿನ ಸ್ವರಕ್ಕೆ ಹೋಗುವಾಗ ದನಿ ಒಡೆದುಹೋಯ್ತು. ನಾವು ಬಿದ್ದು ಬಿದ್ದು ನಕ್ಕೆವು.

ಲೋಕದಲ್ಲಿರೋ ಮೃದುವಾದ ಹಾಡುಗಳಲ್ಲಿ ಒಂದನ್ನ ನಾವು ಗದರಿಸಿ ಹಾಡಿಸಿದ್ದೆವು. ಅವನು ನಮ್ಮನ್ನ ಬೈಯಲಿಲ್ಲ. ಬೈಯೋ ಸ್ಥಿತಿಯಲ್ಲಿ ಇರಲಿಲ್ಲ. ಅವನ ಹತ್ತಿರ ದುಡ್ಡಿರಲಿಲ್ಲ, ಹೆಸರಿರಲಿಲ್ಲ. ಇದ್ದಿದ್ದರೆ ಅವನೂ ಏನಾದರೂ ಅಂದುಬಿಡ್ತಿದ್ದನೇನೋ. ವಿರ್ಗೋನಗರದ ಹುಡುಗ ಹೇಗೆ ಕೂಗಿದ, ಎಷ್ಟು ಒರಟಾಗಿ ಕೂಗಿದ ಅನ್ನೋದನ್ನ ಮೊಬೈಲಿನ ತುಣುಕು ನೋಡಿ ನಾನು ತೀರ್ಮಾನ ಮಾಡಲಾರೆ. ಕನ್ನಡ ನಾಡಿನಲ್ಲಿ ಕನ್ನಡ ಹಾಡು ಕೇಳೋದು ತಪ್ಪೇ ಅಲ್ಲ. ಆದರೆ ವೇದಿಕೆ ಮೇಲೆ ನಿಂತವನ ಕಿವಿಗೆ ನಮ್ಮ ಆಸೆ ಯಾವಾಗ ಆಸೆಯಾಗಿ ಕೇಳುತ್ತೆ, ಯಾವಾಗ ಬೆದರಿಕೆಯಾಗಿ ಕೇಳುತ್ತೆ ಅನ್ನೋದು ಕೂಗುವ ನಮಗೆ ಗೊತ್ತಾಗಲ್ಲ. ಇದು ಅವರ ಮಾತನ್ನ ಸರಿ ಮಾಡಲ್ಲ. ಗದರಿದವರ ಮೇಲೆ ವಾಪಸ್ ಗದರುವುದು ಒಂದು, ಸತ್ತವರನ್ನ ನಡುವೆ ಎಳೆದು ತರೋದು ಇನ್ನೊಂದು. ಆದರೆ ಪೂರ್ತಿ ನಿರ್ಮಲವಾದ ಕೈಯಲ್ಲಿ ಕಲ್ಲು ಹಿಡಿದಿದೀನಿ ಅನ್ನೋ ಭಾವನೆ ಅವತ್ತಿಂದ ನನಗಿಲ್ಲ.

ಇನ್ನೊಂದು ತಪ್ಪು ಮಾಡಿದ್ದು ಚೇತನ್ ಸೋಸ್ಕ ಅವರಿಗೆ. ಅವರ ದನಿಯಲ್ಲಿ ಹೊಸದಾಗಿ ಬಂದ 'ಮನಸು ಹಾಡ್ತದೆ'ಯನ್ನ ಹಾಕಿಕೊಂಡು ಕೂತೆ. ಒಂದು ಸಾಲು ಕೇಳೋದು, ಅಲ್ಲಿ ಅವರು ಹೇಗೆ ಹಾಡಿದ್ದರು ಅಂತ ನೆನಪು ಮಾಡಿಕೊಳ್ಳೋದು. ಮತ್ತೊಂದು ಸಾಲು ಕೇಳೋದು, ಮತ್ತೆ ತೂಗಿ ನೋಡೋದು. ಹಾಡು ಮುಗಿಯೋ ಹೊತ್ತಿಗೆ ನಾನು ಕೇಳಿದ್ದು ಚೇತನ್ ಅವರನ್ನಲ್ಲ, ಅಲ್ಲಿ ಇಲ್ಲದ ಇನ್ನೊಬ್ಬರನ್ನ. 'ನಮ್ಮ ಕನ್ನಡದ ಗಾಯಕರಿಗೆ ಅವಕಾಶ ಕೊಡಿ' ಅಂತ ಸ್ಟಾಫ್ ರೂಮಿನಲ್ಲಿ ಭಾಷಣ ಮಾಡೋನು ನಾನೇ. ಅವಕಾಶ ಸಿಕ್ಕಾಗ ಅವರನ್ನ ಖಾಲಿ ಕುರ್ಚಿ ತುಂಬೋಕೆ ಬಂದವರ ಹಾಗೆ ನೋಡಿದೆ. ಅವರದೇನು ತಪ್ಪು? ಒಬ್ಬರ ಮೇಲಿನ ಸಿಟ್ಟಿನಿಂದ ಇನ್ನೊಬ್ಬರನ್ನ ಕರೆದು ಹಾಡಿಸಿದಾಗ, ಆ ಬಂದವರ ಹಾಡು ಹಾಡಾಗಿ ಉಳಿಯಲ್ಲ, ಉತ್ತರವಾಗಿಬಿಡುತ್ತೆ. ಅಳಿಸಿ ಹಾಕೋ ಶಿಕ್ಷೆ ಯಾರಿಗೆ ಎಷ್ಟು ತಟ್ಟುತ್ತೆ ಅನ್ನೋದನ್ನ ನಾವು ಯೋಚಿಸೋದು ಕಮ್ಮಿ. ಅಷ್ಟು ಹಾಡು ಹಾಡಿದ ದೊಡ್ಡ ಗಾಯಕನಿಗೆ ಒಂದು ಹಾಡು ಹೋದರೆ ಎಷ್ಟು ತಟ್ಟಿತೋ ಕಾಣೆ. ರಾಗ ಹಾಕಿದವರಿಗೆ, ನುಡಿಸಿದವರಿಗೆ, ಎರಡನೆಯವರಾಗಿ ಬಂದು ಹಾಡಿದವರಿಗೆ ತಟ್ಟಿರಲೇಬೇಕು.

ಈಗ ಕ್ಷಮೆಯ ವಿಷಯ. ಅವರು ಕ್ಷಮೆ ಕೇಳಿ ಆಗಿದೆ. ಕೇಳಿದ ಮೇಲೂ ಹಿಡಿದು ಎಳೆಯೋದು ಸಣ್ಣತನ ಅಂತ ಒಂದು ಮನಸ್ಸು ಹೇಳುತ್ತೆ. ಚಿತ್ರರಂಗ ಕೈಬಿಡ್ತೀವಿ ಅಂದ ದಿನವೇ ಕೇಳಿದ ಕ್ಷಮೆ ಎಂಥದ್ದು ಅಂತ ಇನ್ನೊಂದು ಮನಸ್ಸು ಕೇಳುತ್ತೆ. ಎರಡೂ ನನ್ನದೇ ಮನಸ್ಸು. ಎರಡಕ್ಕೂ ತಮ್ಮ ತಮ್ಮ ಪಾಲಿನ ನ್ಯಾಯ ಇದೆ. ಬಾಯಿಂದ ಬಂದ ಕ್ಷಮೆಯ ಹಿಂದೆ ಏನಿತ್ತು ಅಂತ ಯಾರೂ ಬಗೆದು ನೋಡೋಕಾಗಲ್ಲ. ನಮ್ಮ ನಮ್ಮ ಮನೆಗಳಲ್ಲೇ ಅದು ಆಗಲ್ಲ.

ಇದೆಲ್ಲಾ ತಲೆಯೊಳಗಿನ ಚರ್ಚೆಯಾಗಿಯೇ ಉಳಿದಿದ್ದರೆ ನಾನಿದನ್ನ ಬರೀತಿರಲಿಲ್ಲ. ಅಕ್ಟೋಬರಿನಲ್ಲಿ ಶಾಲೆಯಲ್ಲಿ ರಾಜ್ಯೋತ್ಸವದ ತಯಾರಿ ನಡೀತಿತ್ತು. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು, ಚೆನ್ನಾಗಿ ಹಾಡ್ತಾಳೆ, ಬಂದು 'ಅನಿಸುತಿದೆ' ಹಾಡ್ತೀನಿ ಅಂದಳು. ಅದು ಬಂದಾಗ ಅವಳು ಹುಟ್ಟೇ ಇರಲಿಲ್ಲ. ಪಕ್ಕದಲ್ಲಿದ್ದ ಹುಡುಗ ತಟ್ಟನೆ, "ಸಾ, ಅದು ಸೋನು ನಿಗಮ್ ಹಾಡು, ರಾಜ್ಯೋತ್ಸವಕ್ಕೆ ಬ್ಯಾಡ ಸಾ" ಅಂದ. ಅವಳು, "ಹಾಡೋಳು ನಾನಲ್ವಾ ಸಾ? ಅದು ಕನ್ನಡ ಅಲ್ವಾ?" ಅಂದಳು. ಇಡೀ ಕ್ಲಾಸು ನನ್ನ ಮುಖ ನೋಡ್ತು.

ನಾನೇನು ಮಾಡಿದೆ ಗೊತ್ತಾ? "ಪ್ರೇಮಗೀತೆ ಎಲ್ಲಾ ಶಾಲೆ ವೇದಿಕೆ ಮೇಲೆ ಬೇಡಮ್ಮಾ, ಒಂದು ಭಾವಗೀತೆ ಹಾಡು" ಅಂದುಬಿಟ್ಟೆ. ಭಾವಗೀತೆಗಳಲ್ಲಿ ಅರ್ಧಕ್ಕರ್ಧ ಪ್ರೇಮಗೀತೆಗಳೇ ಅನ್ನೋದು ಕನ್ನಡ ಮೇಷ್ಟ್ರಾದ ನನಗೆ ಗೊತ್ತಿಲ್ಲದ್ದೇನಲ್ಲ. ಇಬ್ಬರಿಗೂ ಉತ್ತರ ಕೊಡದೆ ತಪ್ಪಿಸಿಕೊಂಡೆ. ಅವಳು ತಲೆ ತಗ್ಗಿಸಿಕೊಂಡು ಹೋಗಿ ಕೂತಳು. ನವೆಂಬರ್ ಒಂದಕ್ಕೆ ಭಾವಗೀತೆ ಹಾಡಿದಳು, ಚೆನ್ನಾಗೇ ಹಾಡಿದಳು. ನನಗೆ ಮಾತ್ರ ಮಂಡಿಯಲ್ಲಿ ಫೋನಿನ ಬಾಯಿ ಮುಚ್ಚಿದ ಕೈಯೇ ಕಾಣ್ತಿತ್ತು. ಅವತ್ತು ಮುಚ್ಚಿದ್ದು ಫೋನಿನ ಬಾಯಿ, ಈಗ ಮುಚ್ಚಿದ್ದು ಒಂದು ಮಗುವಿನ ಬಾಯಿ.

ಅವಳು ಕೇಳಿದ ಪ್ರಶ್ನೆ ಸಣ್ಣದಲ್ಲ. ಹಾಡೋಳು ನಾನಲ್ವಾ? ಒಂದು ಹಾಡು ಒಬ್ಬರ ಗಂಟಲಿನಿಂದ ಹೊರಟ ಮೇಲೆ ಎಷ್ಟು ಕಾಲ ಅವರದಾಗಿ ಇರುತ್ತೆ? ಹಾಡಿದವರ ತಪ್ಪಿಗೆ ಹಾಡು ಎಷ್ಟು ಕಾಲ ಜಾಮೀನು ಕೊಡಬೇಕು?

ಅವತ್ತು ರಾತ್ರಿ ಹೆಂಡತಿಗೆ ಎಲ್ಲಾ ಹೇಳಿದೆ. ಮಂಡಿಯಲ್ಲಿ ಹೇಳಿದ್ದ ಸುಳ್ಳನ್ನೂ ಹೇಳಿದೆ. ಅವಳು ಸೊಪ್ಪು ಬಿಡಿಸ್ತಿದ್ದಳು. ತಲೆ ಎತ್ತದೇನೇ ಅಂದಳು: "ಅವ್ರು ಹಾಡಿದ್ದು ಕೇಳ್ಕೊಂಡು ನಾನೇನ್ ನಿಮ್ಮನ್ನ ಒಪ್ಪಿದ್ನಾ? ಬಸ್ ಕೆಟ್ಟೋಯ್ತಲ್ಲಾ ಅವತ್ತು, ಟೇಪು ನಿಂತೋಗಿತ್ತು. ನೀವು ಕಿಟಕಿ ಪಕ್ಕ ಕೂತ್ಕೊಂಡು ಮೆತ್ತಗೆ ಹಾಡ್ಕೊಳ್ತಿದ್ರಿ. ಒಂದು ಸಾಲೂ ಸರಿ ಇರ್ಲಿಲ್ಲ. ಪಾಪ ಅನ್ನಿಸ್ತು."

ಹದಿನಾರು ವರ್ಷದ ಸಂಸಾರದಲ್ಲಿ ಈ ವಿಷಯ ನನಗೆ ಗೊತ್ತೇ ಇರಲಿಲ್ಲ. ನಾನು ಆ ದನಿಗೆ ಸಾಲಗಾರ ಅಂತ ತಿಳಿದಿದ್ದೆ.

"ಹಂಗಾದ್ರೆ ರಿಂಗ್‌ಟೋನ್ ಬದಲಾಯಿಸ್ಲಾ?" ಅಂದೆ.

"ನಿಮ್ಮಿಷ್ಟ. ನಾಲ್ಕು ಜನ ನಕ್ರು ಅಂತ ಬದಲಾಯಿಸ್ಬೇಡಿ. ನಿಮಗೇ ಬೇಡ ಅನ್ಸಿದ್ರೆ ಬದಲಾಯಿಸಿ. ಅದ್ಯಾವ್ದು ಅಂತ ಗೊತ್ತಾಗೋ ತನಕ ಸುಮ್ನಿರಿ" ಅಂದಳು.

ಸುಮ್ಮನಿರೋದು ನಮ್ಮ ಕಡೆಯವರಿಗೆ ಹೊಸದಲ್ಲ. ಬಲಿತ ಕಾಯನ್ನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಸುಮ್ಮನಿರ್ತೀವಿ. ಒಳಗಿನ ನೀರು ತಾನಾಗೇ ಇಂಗಬೇಕು, ತಿರುಳು ತಾನಾಗೇ ಚಿಪ್ಪು ಬಿಡಬೇಕು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನಬೇಕು. ಹೋದ ವರ್ಷ ಕೊಬ್ಬರಿ ರೇಟು ಬೆಂಬಲ ಬೆಲೆಯ ಎರಡು ಪಟ್ಟು ದಾಟಿ ಹೋದಾಗ ಆಸೆ ತಡೀಲಾರದೆ ಬೇಗ ಇಳಿಸಿ ಸುಲಿಸಿದವರಿದ್ದಾರೆ. ಒಡೆದರೆ ಒಳಗೆ ಇನ್ನೂ ಹಸಿ. ಅದು ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ. ಎರಡು ದಿನಕ್ಕೆ ಬೂಸು ಹಿಡಿಯುತ್ತೆ.

ನಮ್ಮ ಸಿಟ್ಟೂ ಕ್ಷಮೆಯೂ ಎರಡು ವಾರದೊಳಗೆ ಮುಗಿದುಹೋಗಿದ್ದು ನೆನಪಾಗುತ್ತೆ. ಏಪ್ರಿಲ್ 25ಕ್ಕೆ ಮಾತು, ಮೇ 5ಕ್ಕೆ ಕ್ಷಮೆ, ಅದರ ಹಿಂದೆಯೇ ಹಾಡು ಮಾಯ, ಹೊಸ ದನಿ ಹಾಜರು. ನೋವು ಇಂಗೋಕೆ ಯಾರೂ ಟೈಮ್ ಕೊಡಲಿಲ್ಲ, ನಾವೂ ಕೇಳಲಿಲ್ಲ. ಸಿಟ್ಟು ಬಂದರೆ ಅವತ್ತೇ ಅಳಿಸಬೇಕು, ಕ್ಷಮೆ ಕೇಳಿದರೆ ಅವತ್ತೇ ಮರೀಬೇಕು. ನನಗೆ ಎರಡೂ ಆಗಲಿಲ್ಲ. ಆಗದೇ ಇದ್ದದ್ದು ದೋಷ ಅಂತ ತಿಳಿದು ಒದ್ದಾಡಿದೆ. ಈಗ ಅನ್ನಿಸುತ್ತೆ, ದೋಷ ಇದ್ದದ್ದು ಅವಸರದಲ್ಲಿ. ಇಷ್ಟಪಟ್ಟವರು ನೋಯಿಸಿದಾಗ ಇಷ್ಟವನ್ನೂ ನೋವನ್ನೂ ಒಟ್ಟಿಗೆ ಇಟ್ಟುಕೊಂಡು ಒಂದಷ್ಟು ಕಾಲ ಬದುಕೋದು ಮೋಸ ಅಲ್ಲ. ಸುಳ್ಳು ಹೇಳಿ ಒಂದನ್ನ ಬಚ್ಚಿಟ್ಟರೆ ಮೋಸ. ನಾನು ಮಂಡಿಯಲ್ಲಿ ಇಷ್ಟವನ್ನ ಬಚ್ಚಿಟ್ಟೆ. ವಿಜ್ಞಾನದ ಮೇಷ್ಟ್ರ ಮಾತು ಕೇಳಿದ್ದರೆ ನೋವನ್ನ ಬಚ್ಚಿಡಬೇಕಾಗ್ತಿತ್ತು.

ಇನ್ನೊಂದು ಮಾತನ್ನೂ ಹೇಳಬೇಕು. ಅಟ್ಟಕ್ಕೆ ಹಾಕಿದ್ದೆಲ್ಲಾ ಕೊಬ್ಬರಿ ಆಗಲ್ಲ. ಕೆಲವು ಕೌಟಾಗ್ತವೆ, ಒಡೆಯೋ ತನಕ ಗೊತ್ತಾಗಲ್ಲ. ಹಾಗೇ ಕಾಯ್ದ ಮಾತ್ರಕ್ಕೆ ಕ್ಷಮೆ ಹುಟ್ಟಿಯೇ ತೀರುತ್ತೆ ಅಂತ ನಾನು ಹೇಳಲ್ಲ. ಶಿವಮೊಗ್ಗದ ಆ ಮನೆಯವರಿಗೆ ಕಾಯಿರಿ ಅಂತ ಹೇಳೋ ಹಕ್ಕಂತೂ ನನಗಿಲ್ಲ.

ಇದನ್ನ ಬರೆಯುವಾಗ ಮಾರ್ಚ್ ತಿಂಗಳು. ಹೋದ ವರ್ಷ ಅದೇ ದಿನಗಳಲ್ಲಿ ಅಟ್ಟಕ್ಕೆ ಹಾಕಿದ್ದ ಕಾಯನ್ನ ಇಳಿಸ್ತಾ ಇದೀವಿ. ಹಿತ್ತಲಿನಲ್ಲಿ ಸುಲಿಯೋರು ಕೂತಿದಾರೆ. ಅವರಲ್ಲೊಬ್ಬ ಹುಡುಗ ಫೋನಿನಲ್ಲಿ ಹಾಡು ಹಾಕಿಕೊಂಡಿದಾನೆ, ಒಂದಾದ ಮೇಲೊಂದು ತಾನಾಗೇ ಬರುತ್ತೆ. ಅದರಲ್ಲಿ 'ಮನಸು ಹಾಡ್ತದೆ'ಯೂ ಬಂತು, ಚೇತನ್ ಅವರದ್ದು. ಈ ಸಲ ತೂಗಿ ನೋಡೋಕೆ ಹೋಗಲಿಲ್ಲ, ಸುಮ್ಮನೆ ಕೇಳಿದೆ. ಚೆನ್ನಾಗಿದೆ. ಈ ಮಾತನ್ನ ಹತ್ತು ತಿಂಗಳು ತಡವಾಗಿ ಹೇಳ್ತಿದೀನಿ, ಅವರು ಮನ್ನಿಸಬೇಕು.

ಅದಾದ ಮೇಲೆ ಸೋನು ನಿಗಮ್ ಹಾಡೂ ಬಂತು. ಮನಸ್ಸಿನಲ್ಲಿ ಸಣ್ಣದಾಗಿ ಏನೋ ಚುಚ್ಚಿತು, ಹಾಡೂ ಹಿತವಾಗೇ ಇತ್ತು. ಆ ಹುಡುಗನಿಗೆ ಮುಂದಿನದು ಹಾಕು ಅಂತ ಹೇಳಲಿಲ್ಲ, ಜೋರು ಮಾಡು ಅಂತಲೂ ಹೇಳಲಿಲ್ಲ.

ರಿಂಗ್‌ಟೋನ್ ಇನ್ನೂ ಬದಲಾಯಿಸಿಲ್ಲ. ಹೊಸದನ್ನ ಹುಡುಕಿಯೂ ಇಲ್ಲ. ಆದರೆ ಹತ್ತನೇ ಕ್ಲಾಸಿನ ಬೀಳ್ಕೊಡುಗೆ ಸಮಾರಂಭ ಮೊನ್ನೆ ಆಯ್ತು. ಆ ಹುಡುಗಿಯನ್ನ ಕರೆದು, "ನಿನಗಿಷ್ಟ ಬಂದ ಹಾಡು ಹಾಡಮ್ಮಾ, ನಾನು ಯಾವುದಕ್ಕೂ ಬೇಡ ಅನ್ನಲ್ಲ" ಅಂದೆ. ಬೇಡ ಅಂದಿದ್ದ ಹುಡುಗನನ್ನೂ ಕರೆದು, ನಿನಗೆ ಬೇಜಾರು ಆಗೋದರಲ್ಲಿ ತಪ್ಪಿಲ್ಲ, ನನಗೂ ಆಗಿದೆ, ಆದರೆ ಹಾಡೋಳು ಅವಳು ಅಂದೆ. ಅವನು ಒಪ್ಪಿದನೋ ಇಲ್ಲವೋ, ಸುಮ್ಮನೆ ತಲೆ ಆಡಿಸಿದ.

ಅವಳು ಅದನ್ನ ಹಾಡಲಿಲ್ಲ. ಬೇರೆ ಯಾವುದೋ ಹೊಸದನ್ನ ಹಾಡಿದಳು, ನಾನು ಕೇಳೇ ಇರಲಿಲ್ಲ. ಅವಳ ವಯಸ್ಸಿನವರ ಹಾಡು. ಮುಂದಿನ ಸಾಲಿನಲ್ಲಿ ಕೂತು ಪೂರ್ತಿ ಕೇಳಿದೆ. ಯಾರು ಹಾಡಿರೋದು ಅಂತ ಕೇಳೋಕೆ ಹೋಗಲಿಲ್ಲ.